ಕೆಳಗಿರುವ ಹೊರೆ

"ನಿನಗಿದ್ದದ್ದು ಒಂದ ಕೆಲಸ, ಹಗ್ಗಾ ಹಿಡಿಯೂದು. ಅದನ್ನೂ ಬಿಟ್ಟು ಬಂದಿ. ಅಕ್ಕನ ಗಂಡನ್ನ ಕಲ್ಲಿಗೆ ಜೋತುಬಿಟ್ಟು, ತಾ ಒಬ್ಬನ ಆರಾಮ ಹಾರೋ ತೊಟ್ಟಿಲದಾಗ ಕುಂತು ಬಂದಾಂವ, ನನಗ ಪ್ರಶ್ನಿ ಕೇಳ್ತೀಯೇನೋ? ಕುಂದ್ರು ಕೆಳಗ!"

ಜೇನಗಲ್ಲಿನ ಸಮುದಾಯ ಭವನದಲ್ಲಿ ಊರಿಗೆ ಊರೇ ಕೂತಿದ್ದಾಗ ಮೈಕಿನಲ್ಲಿ ಬಂದ ಮಾತಿದು. ಆಡಿದವನು 'ನಿರಾಳ' ಸಂಸ್ಥೆಯ ದೊಡ್ಡ ಸಾಹೇಬ ಇನಾಮದಾರ. ಆಡಿಸಿಕೊಂಡವನು ಯಮನೂರ. ಮೀಸೆ ಈಗಷ್ಟೇ ದಟ್ಟವಾಗುತ್ತಿದ್ದ ಹುಡುಗ, ಏಳನೇ ತರಗತಿ ಮುಗಿಸದೆ ಶಾಲೆ ಬಿಟ್ಟವನು, ಬಲಗೈಗೆ ಇನ್ನೂ ಪಟ್ಟಿ ಸುತ್ತಿಕೊಂಡು ನಿಂತಿದ್ದವನು. ವೇದಿಕೆಯ ಮೇಲೆ ಅವನ ಅಕ್ಕ ದ್ಯಾಮವ್ವ ತಲೆ ತಗ್ಗಿಸಿ ಕೂತಿದ್ದಳು. ಅವಳ ಮಡಿಲಲ್ಲಿ ಸಾಹೇಬರು ಆಗಷ್ಟೇ ಶಾಲು ಹೊದಿಸಿ ಕೊಟ್ಟ, ತೆಂಗಿನಕಾಯಿ ಗಾತ್ರದ ಬಿಳಿ ಪೆಟ್ಟಿಗೆ. ಅದರೊಳಗೆ ಅವಳ ಗಂಡ ಹುಲಗಪ್ಪನ ದನಿ ಇತ್ತು. ಹುಲಗಪ್ಪ ಇರಲಿಲ್ಲ.

ಯಮನೂರ ಎದ್ದು ಕೇಳಿದ್ದು ಇಷ್ಟೇ: "ಈ ಪೆಟಗಿ ಯಾಕ ಕೊಡ್ತೀರಿ ಸಾಹೇಬ್ರ? ಮನಶ್ಯಾನ್ನ ಯಾಕ ತರಲಿಲ್ಲ, ಅದನ್ನ ಹೇಳ್ರಿ."

ಬೇರೆ ಊರಿನಲ್ಲಾದರೆ ಸಾಹೇಬನ ಉತ್ತರ ಬರೀ ಒಂದು ಬೈಗುಳ. ಜೇನಗಲ್ಲಿನಲ್ಲಿ ಅದಕ್ಕಿಂತ ಹೊಲಸು ಮಾತಿಲ್ಲ. ಆ ಊರ ಗಂಡಸರು ಬಂಡೆಯ ನೆತ್ತಿಯಿಂದ ಹಗ್ಗದಲ್ಲಿ ಜೋತು ಇಳಿದು ಹೆಜ್ಜೇನು ಕೊಯ್ದು ಬದುಕಿದವರು. ಇಳಿಯುವವನ ಹಗ್ಗವನ್ನು ಮೇಲೆ ಹಿಡಿಯುವವನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ಮತ್ತೊಬ್ಬ ಆ ಹಗ್ಗ ಮುಟ್ಟುವಂತಿಲ್ಲ. ಒಡಹುಟ್ಟಿದವನಿಗೆ ಹೊಲದ ಆಸೆ ಬಂದೀತು, ಗೆಳೆಯನಿಗೆ ಹಳೆಯ ಜಗಳ ನೆನಪಾದೀತು. ತನ್ನ ಅಕ್ಕತಂಗಿಯ ತಾಳಿ ಹರಿಯಲಿ ಎಂದು ಮಾತ್ರ ಯಾವ ಗಂಡಸೂ ಕೈ ಸಡಿಲ ಬಿಡುವುದಿಲ್ಲ. ಮದುವೆಯಲ್ಲಿ ಅಕ್ಷತೆ ಬಿದ್ದ ಮೇಲೆ ಮದುಮಗನ ನಡುವಿಗೆ ಒಂದು ತುದಿ, ಮದುಮಗಳ ತಮ್ಮನ ನಡುವಿಗೆ ಇನ್ನೊಂದು ತುದಿ ಕಟ್ಟಿ ಊರ ಮುಂದೆ ಜಗ್ಗಿಸುತ್ತಾರೆ. ದ್ಯಾಮವ್ವನ ಮದುವೆಯಲ್ಲಿ ಯಮನೂರನಿಗೆ ಸೊಂಟದ ಮೇಲೆ ಚಡ್ಡಿ ನಿಲ್ಲುತ್ತಿರಲಿಲ್ಲ. ಹುಲಗಪ್ಪ ಮೆಲ್ಲಗೆ ಜಗ್ಗಿದ್ದಕ್ಕೇ ಹುಡುಗ ಬೋರಲು ಬಿದ್ದ. ಬಿದ್ದರೂ ಹಗ್ಗ ಬಿಡದೆ ಮಣ್ಣಲ್ಲಿ ಎಳೆಸಿಕೊಂಡು ಹೋದ. ಊರೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಹುಲಗಪ್ಪ ನಗಲಿಲ್ಲ. ಎತ್ತಿ ನಿಲ್ಲಿಸಿ, ಮೂಗಿನ ಮಣ್ಣು ಒರೆಸಿ, "ಇಂವ ಸಾಕು ನನಗ" ಅಂದಿದ್ದ.

ಅಂಥವನಿಗೆ, ಅಂಥ ಊರಿನ ಮುಂದೆ, ಹಗ್ಗ ಬಿಟ್ಟವನು ಎನ್ನುವುದೆಂದರೆ!

"ನಾ ಬಿಟ್ಟಿಲ್ಲ!" ಯಮನೂರ ಕುರ್ಚಿಗಳನ್ನು ಒದ್ದುಕೊಂಡು ವೇದಿಕೆಯ ಕಡೆಗೆ ನುಗ್ಗಿದ. "ನಿನ್ನ ತೊಟ್ಟಿಲಾ ಕೊಯ್ತಲೇ ಹಗ್ಗಾ! ನನ್ನ ಕೈಯಾಗ ಇದ್ದಾಗ ಕೊಯ್ತು!"

"ಅಷ್ಟ ಎತ್ತರದಾಗ ಉಸುರು ಕಡಿಮಿ ಆದ್ರ ತಲಿಯಾಗ ಏನೇನೋ ಕಾಣಸ್ತಾವ," ಎಂದು ಇನಾಮದಾರ ಜನರ ಕಡೆಗೆ ತಿರುಗಿ ನಕ್ಕ. "ಪಾಪ, ಹುಡುಗಗ ವಿಶ್ರಾಂತಿ ಬೇಕು. ಕರಕೊಂಡ ಹೋಗ್ರಿ."

ನಾಲ್ಕು ಜನ ಹಿಡಿದು ಹೊರಗೆ ಹಾಕಿದರು. ಹಿಡಿದವರು ಸಂಸ್ಥೆಯವರಲ್ಲ, ಊರಿನವರೇ. ಅದು ಅವನ ಎದೆಯಲ್ಲಿ ಇನ್ನಷ್ಟು ಬೆಂಕಿ ಹಾಕಿತು. ಊರ ಹಿರಿಯ ಗಿಡ್ಡಪ್ಪಜ್ಜನ ಕಡೆ ನೋಡಿದ. ಅಜ್ಜ ಮುಖ ತಿರುಗಿಸಿ ಎಲೆಗೆ ಸುಣ್ಣ ಹಚ್ಚುತ್ತಿದ್ದ.

ಒಂದು ಮಾತನ್ನು ಯಮನೂರ ಇನ್ನೂ ಯಾರಿಗೂ ಹೇಳಿರಲಿಲ್ಲ. ತೊಟ್ಟಿಲು ಹಗ್ಗ ಕೊಯ್ಯುವಾಗ ಕೆಳಗಿನಿಂದ ಹುಲಗಪ್ಪ ಹಗ್ಗ ಜಗ್ಗಿದ್ದ. ಬದುಕಿದ್ದ. ಬರಿಬಾಯಲ್ಲಿ ಹೇಳಿದರೆ ಹುಚ್ಚನೆನ್ನುತ್ತಾರೆ. ಸಾಕ್ಷಿ ಹಿಡಿದು ತಂದೇ ಹೇಳುತ್ತೇನೆ, ಈ ಭವನದಲ್ಲೇ, ಇದೇ ಮೈಕಿನಲ್ಲಿ, ಎಂದುಕೊಂಡು ಅವನು ಹುಬ್ಬಳ್ಳಿಯ ಬಸ್ಸು ಹತ್ತಿದ.

*

ಹಿಮಾಲಯದಲ್ಲಿ ಹಿಮ ಕರಗಿ ಹೋದ ಕಾಲವದು. ಬಿಳಿಗೋಡೆ ಎಂಬ ಶಿಖರದಲ್ಲಿ ಬಿಳಿ ಎನ್ನುವುದು ಹೆಸರಿನಲ್ಲಷ್ಟೇ ಉಳಿದಿತ್ತು. ಮಂಜಿನ ಕೆಳಗೆ ಸಾವಿರಾರು ವರ್ಷ ಅಡಗಿದ್ದ ಕಲ್ಲಿನ ಗೋಡೆ ಬತ್ತಲಾಗಿ ನಿಂತು, ಬಿಸಿಲಿಗೆ ಸೀಳಿ, ದಿನವೂ ಹೊರೆಗಟ್ಟಲೆ ಉದುರುತ್ತಿತ್ತು. ಮಂಜು ಹತ್ತುವುದರಲ್ಲಿ ಪಳಗಿದ ಅಲ್ಲಿಯ ಜನಕ್ಕೆ ಈ ಕೊಳೆತ ಕಲ್ಲು ಹೊಸದು. ಆದರೆ ಹತ್ತುವ ಶ್ರೀಮಂತರ ಹುಚ್ಚು ಕರಗಬೇಕಲ್ಲ? ಅವರಿಗಿಂತ ಮೊದಲು ಹೋಗಿ ಹಗ್ಗ ಬಿಗಿದು ಬರುವ ಆಳು ಬೇಕಾದರು. ಕಲ್ಲು ಗೊತ್ತಿರುವ ಆಳು. ಹಾಗೆ ಹುಡುಕುತ್ತ ದಲ್ಲಾಳಿಗಳು ಬಂದು ಮುಟ್ಟಿದ್ದು ಜೇನಗಲ್ಲಿಗೆ. ಹುಲಗಪ್ಪ ಹೊರಟ, ಅವನ ಹಗ್ಗ ಹಿಡಿಯಲು ಯಮನೂರನೂ ಹೊರಟ.

ಹೋಗುವ ಮುಂಚೆ ಪ್ರತಿಯೊಬ್ಬನೂ ಕೊನೆಮಾತು ಕೊಡಬೇಕು. ಅದು ನಿಯಮ.

ಇದರ ಹಿಂದೆ ಒಂದು ಕಥೆಯಿತ್ತು. ಬೆಟ್ಟದಲ್ಲಿ ಕಾಣೆಯಾದವನನ್ನು ಹುಡುಕುವುದನ್ನು ನಿಲ್ಲಿಸಬೇಕಾದರೆ ಅವನ ಹತ್ತಿರದ ಸಂಬಂಧಿ ಬಾಯಿಬಿಟ್ಟು 'ಸಾಕು' ಅನ್ನಬೇಕು ಎಂದು ಕಾನೂನಿತ್ತು. ಯಾವ ತಾಯಿ ಅಂದಾಳು? ಯಾವ ಹೆಂಡತಿ ಅಂದಾಳು? ಹುಡುಕಿ, ಇನ್ನೂ ಹುಡುಕಿ ಎಂದು ಹಟ ಹಿಡಿದು ಕೂರುತ್ತಿದ್ದರು. ಯಾತ್ರೆ ನಡೆಸುವ ಸಂಸ್ಥೆಗಳು ಹಾರುವ ತೊಟ್ಟಿಲುಗಳನ್ನು ಕಳಿಸಿ ಕಳಿಸಿ ಸುಸ್ತಾದವು. ಆಗ ನಿರಾಳ ಸಂಸ್ಥೆ ಬಂತು. ಹತ್ತುವ ಆಳಿನ ಎದೆಗೊಂದು ಪಟ್ಟಿ ಕಟ್ಟುತ್ತದೆ. ಅದು ನಾಡಿ, ಉಸಿರು, ಮೈಬಿಸಿ ಎಲ್ಲವನ್ನೂ ಹುಬ್ಬಳ್ಳಿಯ ಕೋಣೆಗೆ ಕಳಿಸುತ್ತದೆ. ಅಲ್ಲಿಯ ಯಂತ್ರ ಇವನು ಉಳಿಯುತ್ತಾನೋ ಇಲ್ಲವೋ ಎಂದು ಅಂಕ ಹಾಕುತ್ತಲೇ ಇರುತ್ತದೆ. ಶಾಲೆಯಲ್ಲಿ ಫೇಲಾದವನಿಗೆ ಬೆಟ್ಟದ ಮೇಲೂ ಮಾರ್ಕು! ಅಂಕ ತಳ ಮುಟ್ಟಿತೆಂದರೆ, ಅವನು ಸಾಯುವವರೆಗೂ ಕಾಯುವುದಿಲ್ಲ, ಅವನ ಮನೆಯವರ ಫೋನಿನಲ್ಲಿ ಅವನದೇ ದನಿ ಮಾತಾಡುತ್ತದೆ. ಬರೀ ಹೇಳುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಸಮಾಧಾನ ಮಾಡುತ್ತದೆ. ಸಮಾಧಾನ ಮಾಡುತ್ತ ಮಾಡುತ್ತ, 'ನನ್ನನ್ನು ಹುಡುಕಬೇಡಿ' ಎನ್ನುತ್ತದೆ. ಸತ್ತವನೇ ಬೇಡ ಎಂದ ಮೇಲೆ ಇದ್ದವರು ಏನನ್ನಬೇಕು? 'ಆಗಲಿ' ಅನ್ನುತ್ತಾರೆ. ಕಾನೂನಿಗೆ ಅಷ್ಟು ಸಾಕು.

ದನಿ ಕೊಡುವ ಕೋಣೆಯಲ್ಲಿ ಮೆತ್ತನೆಯ ಸೋಫಾ, ಗೋಡೆಯ ಮೇಲೆ ಹೂವಿನ ಚಿತ್ರ. ದನಿ ತೆಗೆದುಕೊಳ್ಳುವ ಹುಡುಗಿ ನಾಜಿಯಾ, ಹುಬ್ಬಳ್ಳಿಯವಳು. ಮೊದಲು ಹುಲಗಪ್ಪನನ್ನು ಕೂರಿಸಿದಳು. ಯಮನೂರ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ನಿಮ್ಮ ಮನಿಯವ್ರಿಗೆ ಏನ್ ಹೇಳಬೇಕಂತೀರಿ ಹೇಳ್ರಿ ಅಣ್ಣಾರ. ಮನಸ್ಸು ಬಿಚ್ಚಿ ಹೇಳ್ರಿ."

ಹುಲಗಪ್ಪ ಸೋಫಾದ ತುದಿಯಲ್ಲಿ, ಅದು ಮುರಿದೀತೇನೋ ಎಂಬಂತೆ ಕೂತ. ಮಾತಿಗೂ ಅವನಿಗೂ ಮೊದಲಿನಿಂದ ದೂರ. ಹಗ್ಗದ ಮೇಲೆ ಮಾತಾಡಬಾರದೆಂಬ ರೂಢಿ ಅವನಿಗೆ ನೆಲದ ಮೇಲೂ ಅಂಟಿಕೊಂಡಿತ್ತು.

"ಜೇನುಗತ್ತಿಗೆ ಎಣ್ಣಿ ಹಚ್ಚಿ ಇಡು ಅನ್ರಿ. ತುಕ್ಕ ಹಿಡೀತೈತಿ," ಅಂದ.

"ಅಷ್ಟೇನ್ರೀ? ಮುಂದ?"

"ಮುಂದೇನ್ರೀ, ನಾ ಬಂದ ಹೇಳ್ತೀನಿ."

ಬಾಗಿಲಲ್ಲಿ ಯಮನೂರ ಕಿಸಕ್ಕನೆ ನಕ್ಕ. ನಾಜಿಯಾಳಿಗೂ ನಗು ಬಂತು. ಆದರೆ ಯಂತ್ರಕ್ಕೆ ಅಷ್ಟು ಸಾಲದು. ಒಂದೊಂದೇ ಪದ ಹೇಳಿಕೊಟ್ಟು ಅನ್ನಿಸಿದಳು: ಬಣ್ಣ, ಹಣ್ಣು, ವಾರಗಳ ಹೆಸರು, ಸಿಟ್ಟು, ಸುಖ, ಮನೆ. 'ಪ್ರೀತಿ' ಬಂದಾಗ ಹುಲಗಪ್ಪ ತಡೆದ. ಕಿವಿ ಕೆಂಪಾದವು. ಯಮನೂರನ ಕಡೆ ನೋಡಿ, "ನೀ ಹೊರಗ ಹೋಗು" ಅಂದ. ಯಮನೂರ ಹೊರಗೆ ಹೋಗದೆ ಗೋಡೆಗೆ ಮರೆಯಾಗಿ ನಿಂತ. ಹುಲಗಪ್ಪ ಮಾವ ತೀರ ಸಣ್ಣ ದನಿಯಲ್ಲಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ, ಒಂದೇ ಒಂದು ಸಲ ಆ ಪದ ಅಂದ.

ಯಮನೂರನ ಸರದಿ ಬಂದಾಗ ಅವನು ಮೈಕಿಗೆ ಬಾಯಿ ಹಚ್ಚಿ ಶುರುಮಾಡಿದ: "ಏ ದ್ಯಾಮಿ, ಸತ್ತೀನಿ ಅಂತ ಯಾವನರ ಹೇಳಿದ್ರ ನಂಬಬ್ಯಾಡ, ಅವನ ಬಾಯಾಗ ಮಣ್ಣ ಹಾಕು. ನಿನ್ನ ಗಂಡನ್ನ ನಾ ಕರಕೊಂಡ ಬರ್ತೀನಿ. ಬರೂದ್ರಾಗ ಮೀನು ಮಾಡಿ ಇಡು." ಆಮೇಲೆ ಯಂತ್ರಕ್ಕೂ, ಅದನ್ನು ಮಾಡಿದವರ ವಂಶಕ್ಕೂ ಸೇರಿಸಿ ಬೈದ. ನಾಜಿಯಾ ತಲೆ ಚಚ್ಚಿಕೊಂಡಳು. "ಅಣ್ಣಾ, ಬೈಗಳಾ ಯಂತ್ರ ತಾನ ತಗದ ಹಾಕತೈತಿ. ಸುಮ್ನ ಉಸುರ ಹಾಳ."

*

ಬಿಳಿಗೋಡೆಯ ನೆತ್ತಿಗೆ ಸ್ವಲ್ಪ ಕೆಳಗೆ, ಬೆಳಗಿನ ಬಿಸಿಲು ತಾಗುತ್ತಲೇ ಕಲ್ಲು ಬಿಟ್ಟುಕೊಂಡು ಬಂತು. ಯಮನೂರ ಮೇಲಿನ ಚಾಚುಗಲ್ಲಿನ ಮೇಲಿದ್ದ. ಹುಲಗಪ್ಪ ಅದರ ಕೆಳಗೆ, ಕಣ್ಣಿಗೆ ಕಾಣದ ಕಡೆ, ಹಗ್ಗದಲ್ಲಿದ್ದ. ಬಡಿದಿದ್ದ ಮೊಳೆಗಳು ಕಿತ್ತು ಹೋದವು. ಉಳಿದದ್ದು ಯಮನೂರನ ಸೊಂಟ, ಅವನ ಬಲಗೈ, ಬೆನ್ನಿಗೆ ಆತುಕೊಂಡ ಒಂದು ಬಂಡೆಸೀಳು. ಹಗ್ಗವನ್ನು ತೋಳಿಗೆ ಸುತ್ತಿ, ಕಾಲು ಕೊಟ್ಟು, ಹಲ್ಲು ಕಚ್ಚಿ ನಿಂತ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಹಗ್ಗ ಒಂದು ಸಲ ಜಗ್ಗಿತು. ಒಂದು ಸಲ ಎಂದರೆ 'ಇದ್ದೀನಿ'. ಇವನೂ ಒಂದು ಸಲ ಜಗ್ಗಿದ.

ಆಮೇಲೆ ಇಬ್ಬರೂ ಕಲ್ಲಾದರು.

ಕಲ್ಲಾಗುವುದು ಎಂದರೆ ಜೇನಗಲ್ಲಿನಲ್ಲಿ ನಡೆಯಲು ಕಲಿತ ಹಾಗೆ ಕಲಿಯುವ ವಿದ್ಯೆ. ಹೆಜ್ಜೇನು ಎದ್ದಾಗ ಹಗ್ಗದ ಮೇಲಿನವನು ಕೈಕಾಲು ಆಡಿಸಬಾರದು, ಗಟ್ಟಿ ಉಸಿರಾಡಬಾರದು. ಗದ್ದವನ್ನು ಎದೆಗೆ ಒತ್ತಿ, ಉಸಿರನ್ನು ಹೊಟ್ಟೆಯ ತಳಕ್ಕೆ ಇಳಿಸಿ, ಹೆಣದಂತೆ ಜೋತುಬಿಡಬೇಕು. ಹುಳ ಮೈಮೇಲೆ ಹರಿದಾಡಿ, ಇದು ಕಲ್ಲೇ ಎಂದುಕೊಂಡು ಹೋಗುತ್ತದೆ. ಇಲ್ಲಿ ಹುಳ ಇರಲಿಲ್ಲ. ಆದರೆ ಚಳಿ ಇತ್ತು, ಉಸಿರಿಗೆ ಬರವಿತ್ತು. ಇದ್ದ ಜೀವವನ್ನು ಉಳಿಸಿಕೊಳ್ಳಲು ಅವರಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ನಾಡಿ ಇಳಿಯಿತು. ಉಸಿರು ಇಳಿಯಿತು. ಮೈ ತಣ್ಣಗಾಯಿತು. ಎದೆಯ ಪಟ್ಟಿಗಳು ಇದನ್ನೆಲ್ಲ ಹುಬ್ಬಳ್ಳಿಗೆ ಹೇಳಿದವು. ಯಂತ್ರ ಅಂಕ ಹಾಕಿತು. ಬದುಕಲು ಕಲ್ಲಾದವರನ್ನು ಅದು ಸತ್ತವರ ಸಾಲಿಗೆ ಸೇರಿಸಿತು.

ಹೊತ್ತು ಇಳಿಯುವವರೆಗೂ ಹಗ್ಗ ಮಾತಾಡುತ್ತಲೇ ಇತ್ತು. ಒಂದು ಸಲ ಅಲ್ಲಿಂದ, ಒಂದು ಸಲ ಇಲ್ಲಿಂದ.

ಸಂಜೆಯ ಕೆಂಪಿನಲ್ಲಿ ತೊಟ್ಟಿಲು ಗುಂಯ್‌ಗುಡುತ್ತ ಬಂತು. ಆಳಿಲ್ಲದ ತೊಟ್ಟಿಲು, ಎರಡು ಕಬ್ಬಿಣದ ತೋಳು, ಒಂದು ಹೆಣ್ಣಿನ ದನಿ.

"ನಮಸ್ಕಾರ ಯಮನೂರಪ್ಪನವರೇ. ನೀವು ಈಗ ಸುರಕ್ಷಿತರಾಗಿದ್ದೀರಿ."

"ಕೆಳಗ ಹೋಗು! ಮದ್ಲ ಕೆಳಗ ನಮ್ಮ ಮಾವ ಅದಾನ!"

ತೋಳುಗಳು ಇವನ ನಡುವನ್ನೇ ಹಿಡಿದವು. ಎತ್ತಲು ಹೋದರೆ ಹಗ್ಗ ಬಿಗಿಯಿತು.

"ದಯವಿಟ್ಟು ಹಗ್ಗವನ್ನು ಬಿಡಿ. ಕೆಳಗಿರುವ ಹೊರೆಗೆ ಅನುಮತಿ ಇಲ್ಲ."

"ಹೊರಿ ಅಲ್ಲಲೇ, ಮನಶ್ಯಾ! ಜೀವ ಐತಿ! ಹಗ್ಗಾ ಜಗ್ಗಾಕತ್ತಾನ!"

"ನಿಮ್ಮ ದುಃಖ ನಮಗೆ ಅರ್ಥವಾಗುತ್ತದೆ. ದಯವಿಟ್ಟು ಕೈ ಸಡಿಲಿಸಿ."

ಯಮನೂರ ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ಚರ್ಮ ಸುಲಿಯಿತು. ಕಬ್ಬಿಣಕ್ಕೆ ಉಗುಳಿದ, ಕಚ್ಚಿದ. ಬೈಗುಳಕ್ಕೆ ಬೆಚ್ಚಲು ಅಲ್ಲಿ ಮನುಷ್ಯನೇ ಇರಲಿಲ್ಲ. ತೋಳಿನಿಂದ ಸಣ್ಣದೊಂದು ಗರಗಸ ಹೊರಬಂತು. ಆಗ ಕೆಳಗಿನಿಂದ ಹಗ್ಗ ಜಗ್ಗಿತು. ಒಂದು ಸಲ. ಇವನು ಉತ್ತರಕ್ಕೆ ಜಗ್ಗಬೇಕೆಂದು ಕೈ ಎತ್ತಿದಾಗ ಕೈಯಲ್ಲಿ ತೂಕವಿರಲಿಲ್ಲ.

*

ಹುಬ್ಬಳ್ಳಿಯ ಆ ಕೋಣೆಯಲ್ಲಿ ತಂಪು ಗಾಳಿ, ಚಹಾದ ವಾಸನೆ. ಗೋಡೆಯಗಲದ ಪರದೆಯ ಮೇಲೆ ಬೆಟ್ಟಗಳ ಹೆಸರು, ಅದರ ಕೆಳಗೆ ಆಳುಗಳ ಹೆಸರು, ಪ್ರತಿ ಹೆಸರಿನ ಮುಂದೆ ಏರಿಳಿಯುವ ಹಸಿರು ಗೆರೆ. ಯಾರೋ ಚುರುಮುರಿ ತಿನ್ನುತ್ತ ಗೆರೆ ನೋಡುತ್ತಿದ್ದರು.

ಬಸ್ಸಿಳಿದು ಬಂದ ಯಮನೂರ ನೇರ ನಾಜಿಯಾಳ ಮೇಜಿಗೆ ಹೋದ. ಅವಳು ಅವನನ್ನು ಕಂಡು ಎದ್ದು ನಿಂತಳು.

"ನನಗ ಒಂದ ಹೇಳ್ರಿ. ತೊಟ್ಟಿಲಾ ಹಗ್ಗಾ ಕೊಯ್ಯೋ ಮುಂದ ನಮ್ಮ ಮಾವನ ಎದಿ ಬಡೀತಿತ್ತೋ ಇಲ್ಲೋ?"

ಅವಳು ಆಚೀಚೆ ನೋಡಿದಳು. ಸುಳ್ಳು ಹೇಳುತ್ತಾಳೆ ಎಂದುಕೊಂಡಿದ್ದ. ಅವಳು ಹೇಳಲಿಲ್ಲ.

"ಬಡೀತಿತ್ತು."

ಅವನೊಳಗೆ ಸಿಟ್ಟಿನ ಜೊತೆಗೆ ಒಂದು ಬಗೆಯ ಗೆಲುವೂ ಉಕ್ಕಿತು. ಸಿಕ್ಕಿಬಿದ್ದರು ಸೂಳೇಮಕ್ಕಳು! "ಹಂಗಾರ ಅನುಮತಿ ಇಲ್ಲ ಅಂತ ಅಂದಾಂವ ಯಾಂವ? ಆ ಇನಾಮದಾರನ ಹೌದಲ್ರೀ? ಅವನ ಹೆಸರ ಹೇಳ್ರಿ, ಸಾಕು."

"ಕೇಳಬ್ಯಾಡ್ರಿ ಅಣ್ಣಾ."

"ಯಾಕ ಕೇಳಬಾರದು?"

"ಕೈ ಮುಗೀತೀನಿ. ಮನಿಗೆ ಹೋಗ್ರಿ."

ಅವನು ಮೇಜು ಗುದ್ದಿದ. ಪಟ್ಟಿಯ ಮೇಲೆ ರಕ್ತ ಜಿನುಗಿತು. ನಾಜಿಯಾ ಕಣ್ಣೊರೆಸಿಕೊಂಡು ಕಿವಿಗೆ ಹಾಕುವ ಹೆಡ್‌ಫೋನ್ ಕೊಟ್ಟಳು. ಕೊಟ್ಟು ಬೇರೆ ಕಡೆ ಮುಖ ಮಾಡಿದಳು.

ಅವತ್ತು ಅಕ್ಕನ ಫೋನಿನಲ್ಲಿ ಆಡಿದ ಮಾತು. ಮೊದಲು ಕೇಳಿಸಿದ್ದು ಅವನದೇ ದನಿ. "ಪ್ರೀತಿಯ ಅಕ್ಕಾ, ನಾನು ಯಮನೂರ. ನನ್ನನ್ನು ಕ್ಷಮಿಸು. ನಾನು ಬಹಳ ದೂರ ಬಂದುಬಿಟ್ಟೆ..."

ದ್ಯಾಮವ್ವನ ದನಿ ಬೆಂಕಿಯಂತೆ ಬಂತು. "ಯಾವನಲೇ ನೀ? ಪ್ರೀತಿ ಅಕ್ಕಾ ಅಂತ ಅಂವ ಹುಟ್ಟಿದಾಗಿಂದ ಅಂದಿಲ್ಲ. ಕ್ಷಮಿಸು ಅನ್ನಾಕ ಅವನ ನಾಲಿಗಿ ಹೊಳ್ಳೂದಿಲ್ಲ. ಹೆಣಾ ಆದ್ರೂ ಬೈತಾನ ನನ್ನ ತಮ್ಮ! ಹುಡುಕ್ರಿ! ನನ್ನ ತಮ್ಮ ಸಿಗೂತನಾ ಹುಡುಕ್ರಿ!"

ಯಮನೂರ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದ. ಅಕ್ಕಾ! ಅದಕ್ಕೇ ತೊಟ್ಟಿಲು ತನಗೆ ಬಂದದ್ದು.

ಆಮೇಲೆ ಮಾವನ ದನಿ. ಸಣ್ಣಗೆ, ಗಂಟಲಲ್ಲಿ ಸಿಕ್ಕಿಕೊಂಡಂತೆ.

"ದ್ಯಾಮೀ."

ಅತ್ತ ಅಕ್ಕನ ಉಸಿರಿನ ಸದ್ದು.

"ದ್ಯಾಮೀ, ನಿನ್ನ ಮ್ಯಾಲ ನನಗ ಭಾಳ ಪ್ರೀತಿ ಇತ್ತು. ಹೇಳಾಕ ಬರಲಿಲ್ಲ ನನಗ."

"ಖರೇನ ನೀವ ಏನ್ರೀ?" ಈ ದನಿ ಆ ಮೊದಲಿನ ದ್ಯಾಮವ್ವನದಲ್ಲ. ಮದುವೆಯ ದಿನ ಸೆರಗಿನ ಒಳಗಿಂದ ಬಂದಂಥದ್ದು. "ಇಷ್ಟ ದಿನಾ ಯಾಕ ಅನ್ನಲಿಲ್ರೀ? ಒಂದ ಸಲಾನಾರ ಅಂತೀರಿ ಅಂತ... ಒಂದ ಸಲಾ..."

"ಈಗ ಅಂದೆ. ನನ್ನ ಜೀವ ಹೋತು ದ್ಯಾಮಿ. ನನಗ ಏನೂ ನೋವಿಲ್ಲ. ನನ್ನ ಸಲುವಾಗಿ ಇನ್ನೊಬ್ಬರು ಬರೂದು ಬ್ಯಾಡ. ಹುಡುಕೂದು ಬ್ಯಾಡ ಅಂತ ಒಂದು ಮಾತ ಅನ್ನು. ನಾ ನಿರಾಳ ಆಗ್ತೀನಿ."

"ಮತ್ತೊಂದ ಸಲಾ ಅನ್ರಿ."

"ಭಾಳ ಪ್ರೀತಿ ಇತ್ತು ದ್ಯಾಮಿ."

ಬಹಳ ಹೊತ್ತಿನ ಅಳು. ಆಮೇಲೆ: "ನೀವ ಹೆಂಗಂತೀರೋ ಹಂಗ ಆಗ್ಲಿ. ಹುಡುಕೂದು ಬ್ಯಾಡ."

ಯಮನೂರ ಕಿವಿಯಿಂದ ಅದನ್ನು ಕಿತ್ತು ಎಸೆದ. ಕೈಗೆ ಕುರ್ಚಿ ಬಂದದ್ದು ಅವನಿಗೇ ಗೊತ್ತಾಗಲಿಲ್ಲ. ಆ ಪರದೆಯನ್ನು ಪುಡಿ ಮಾಡಬೇಕೆಂದು ಎತ್ತಿದ. ಪರದೆಯ ಮೇಲೆ ಹಸಿರು ಗೆರೆಗಳು ಏರಿಳಿಯುತ್ತಿದ್ದವು. ಯಾರೋ ಯಾವುದೋ ಕಲ್ಲಿನ ಮೇಲೆ ಈ ಗಳಿಗೆಯಲ್ಲಿ ಉಸಿರಾಡುತ್ತಿದ್ದರು. ಎತ್ತಿದ ಕುರ್ಚಿ ಹಾಗೇ ನಿಂತಿತು.

"ಒಗಿಯೋ, ಒಗಿ. ಯಾಕ ನಿಂತಿ?" ಹಿಂದಿನಿಂದ ಇನಾಮದಾರನ ದನಿ. ಗದ್ದಲ ಕೇಳಿ ತನ್ನ ಕೋಣೆಯಿಂದ ಬಂದಿದ್ದ. ಅವನ ಮುಖದಲ್ಲಿ ಹೆದರಿಕೆಯ ಸುಳಿವಿಲ್ಲ. "ಕೇಳಿದೆಲ್ಲಾ? ಹೋಗು, ಊರ ಮುಂದ ಹೇಳು. ನಾನ ಮೈಕ್ ಕೊಡ್ತೀನಿ. ಗಂಡ ಇನ್ನೂ ಉಸುರಾಡೋ ಮುಂದ ನಮ್ಮಕ್ಕ ಬ್ಯಾಡ ಅಂದ್ಲು ಅಂತ ಹೇಳು. ಕಾನೂನಿನ ಪ್ರಕಾರ ಬ್ಯಾಡ ಅಂದಾಕಿ ಆಕಿ, ನಾವಲ್ಲ."

"ಅಂದಾಕಿ ಆಕಿ. ಅನ್ನಿಸಿದಾಂವ ನೀ!"

"ಅನ್ನಿಸಿದ್ದು ಆಕಿ ಗಂಡನ ದನಿ. ದನಿ ಕೊಟ್ಟಾಂವ ಅವನ. ನಾ ಯಾರು?"

ಯಮನೂರ ಅವನ ಅಂಗಿ ಹಿಡಿಯುವಷ್ಟರಲ್ಲಿ ಕಾವಲಿನವರು ಬಂದರು. ಮೆಟ್ಟಿಲವರೆಗೆ ಎಳೆದು ತಂದು ಬೀದಿಗೆ ದಬ್ಬಿದರು. ಅವನು ಎದ್ದು ಮೈ ಕೊಡವಿಕೊಳ್ಳುತ್ತಿದ್ದಾಗ ನಾಜಿಯಾ ಏದುಸಿರು ಬಿಡುತ್ತ ಬಂದಳು.

"ಅಣ್ಣಾ, ಇದ ಮದ್ಲಲ್ಲ. ಇದ ಕಡೀದೂ ಅಲ್ಲ. ನಾ ಹೇಳಿದ್ರ ಯಂತ್ರದ ತಪ್ಪಂತಾರ, ನನ್ನ ತಗದ ಹಾಕ್ತಾರ, ಮುಗೀತು. ಹಗ್ಗಾ ಹಿಡದಾಂವ ನೀವು. ನೀವ ಬಾಯಿ ಬಿಟ್ರ ನಿಲ್ಲತೈತಿ. ಇಲ್ಲಂದ್ರ ಇನ್ನೊಬ್ಬಾಕಿ ಹಿಂಗ ಬ್ಯಾಡ ಅಂತಾಳ."

"ನಮ್ಮಕ್ಕ?"

ನಾಜಿಯಾ ತಿರುಗಿ ಮೆಟ್ಟಿಲು ಹತ್ತಿದಳು.

*

ಜೇನಗಲ್ಲಿಗೆ ಬಂದಿಳಿದಾಗ ದ್ಯಾಮವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಿಳಿ ಪೆಟ್ಟಿಗೆ ಗೋಡೆಯ ಗೂಡಿನಲ್ಲಿ, ಹುಲಗಪ್ಪನ ಜೇನುಗತ್ತಿಯ ಪಕ್ಕದಲ್ಲಿತ್ತು. ಕತ್ತಿಗೆ ಎಣ್ಣೆ ಹಚ್ಚಿತ್ತು. ಅದೊಂದು ಮಾತನ್ನು ಮಾತ್ರ ಯಂತ್ರ ಇದ್ದ ಹಾಗೆ ಮುಟ್ಟಿಸಿತ್ತೇನೋ.

"ದ್ಯಾಮಿ, ಯಮನೂರ ಬಂದ ನೋಡು. ಅವಗ ಬಿಸಿ ರೊಟ್ಟಿ ಹಾಕು," ಅಂದಿತು ಪೆಟ್ಟಿಗೆ. ಬಾಗಿಲ ಸದ್ದಿನಿಂದಲೇ ಯಾರು ಬಂದರೆಂದು ಅದಕ್ಕೆ ಗೊತ್ತಾಗುತ್ತಿತ್ತು. "ಯಮನೂರಾ, ಕೈ ಹೆಂಗೈತಿ?"

ಹುಲಗಪ್ಪ ಇದ್ದಿದ್ದರೆ ಕೇಳುತ್ತಿರಲಿಲ್ಲ. ಬಂದು ಕೈ ಹಿಡಿದು, ತಿರುವಿ ನೋಡಿ, ಅರಿಶಿನ ಮೆತ್ತಿ, ಎದ್ದು ಹೋಗುತ್ತಿದ್ದ. ಯಮನೂರನ ಮೈ ಉರಿಯಿತು. ಗೂಡಿಗೆ ಕೈ ಹಾಕಿ ಅದನ್ನು ಅಂಗಳಕ್ಕೆ ಎಸೆಯಲು ಎರಡು ಹೆಜ್ಜೆ ಇಟ್ಟ. ದ್ಯಾಮವ್ವ ಹಿಟ್ಟಿನ ಕೈಯಲ್ಲೇ ಎದ್ದು ಅಡ್ಡ ನಿಂತಳು. ತಾನೇ ಸೆರಗಿನಿಂದ ಪೆಟ್ಟಿಗೆ ಎತ್ತಿ, ಕಂಬಳಿಯಲ್ಲಿ ಸುತ್ತಿ, ಕಾಳಿನ ಗಡಿಗೆಯೊಳಗೆ ಇಟ್ಟು ಮುಚ್ಚಿದಳು.

"ಕುಂದ್ರು," ಅಂದಳು.

ಅವನು ಕೂರಲಿಲ್ಲ.

"ಎಲ್ಲಿ ಹೋಗಿದ್ದಿ?"

"ಹುಬ್ಬಳ್ಳಿ."

ಒಲೆಯ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ಅವಳು ತಿರುವಲಿಲ್ಲ.

"ನಿನ್ನ ದನೀನೂ ಬಂದಿತ್ತು ಯಮನೂರಾ, ಸತ್ತೀನಿ ಅಂತ. ನಾ ನಂಬಲಿಲ್ಲ. ನೀ ಬದುಕಿ ಬಂದಿ." ಅವಳು ಕೈಯ ಹಿಟ್ಟು ಉಜ್ಜಿ ಉಜ್ಜಿ ತೆಗೆಯುತ್ತಿದ್ದಳು. "ಅವರ ದನಿ ಬಂತು. ನಂಬಿದೆ. ಅವರು ಎಂದೂ ಅನ್ನದ ಮಾತ ಅಂದಿತ್ತು ನೋಡು, ಅದಕ್ಕ ನಂಬಿದೆ. ನೀ ಎಂದೂ ಅನ್ನದ ಮಾತ ಅಂತ ನಿನ್ನ ದನಿ ನಂಬಲಿಲ್ಲ, ಅದ ಕಾರಣಕ್ಕ ಅವರ ದನಿ ನಂಬಿದೆ. ಎಂಥಾಕಿ ನಾ?"

"ಅಕ್ಕಾ..."

"ತಡಿ. ಊರಾಗ ನೀ ಹಗ್ಗಾ ಬಿಟ್ಟಿ ಅಂತಾರ. ನೀ ಕೊಯ್ದ್ರು ಅಂತಿ. ನೀ ಬಿಡಾಂವ ಅಲ್ಲ, ಅದ ನನಗ ಗೊತ್ತೈತಿ. ಮಣ್ಣಾಗ ಎಳಿಸಿಕೊಂಡ ಹೋದಾಂವ ನೀ." ಅವಳ ತುಟಿಯಲ್ಲಿ ನಗುವಿನಂಥದ್ದು ಬಂದು ಹೋಯಿತು. "ಕೊಯ್ದದ್ದಾದ್ರ ಕೊಯ್ದದ್ದ ಆತು. ನಾ ಒಂದ ಕೇಳ್ತೀನಿ. ಜೇನುಕೊಯ್ಯೋರ ಮನಿ ಮಗಳು ನಾನೂ. ನಮ್ಮಪ್ಪನ ಹಗ್ಗದ ಬಾಜೂಕ ಕುಂತು ದೊಡ್ಡಾಕಿ ಆದಾಕಿ. ಕೊಯ್ಯೋ ಮುಂದ ಹಗ್ಗಾ ಜಗ್ಗಿತ್ತೇನು?"

ಯಮನೂರನ ಬಾಯಲ್ಲಿ ಅಷ್ಟೂ ಮಾತಿತ್ತು. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ಹಣೆ ಒತ್ತಿ ಅಗಿದು ಅಗಿದು ಇಟ್ಟುಕೊಂಡ ಮಾತು. ಜಗ್ಗಿತ್ತು ಎಂದರೆ ಇನಾಮದಾರ ಬೀದಿಗೆ ಬರುತ್ತಾನೆ, ಆ ಕೋಣೆಗೆ ಬೀಗ ಬೀಳುತ್ತದೆ, ಗೋಡೆಯ ಮೇಲಿನ ಹಸಿರು ಗೆರೆಗಳು ಉಳಿದುಕೊಳ್ಳುತ್ತವೆ, ಊರು ತನ್ನ ಮುಂದೆ ತಲೆ ತಗ್ಗಿಸುತ್ತದೆ. ಮತ್ತು ಈ ಒಲೆಯ ಮುಂದಿನ ಹೆಂಗಸು ತನ್ನ ಗಂಡನನ್ನು ತಾನೇ ಕೊಂದೆ ಎಂದುಕೊಂಡು ಉಳಿದ ಆಯುಷ್ಯವನ್ನೆಲ್ಲ ಕಳೆಯುತ್ತಾಳೆ. ಜಗ್ಗಿರಲಿಲ್ಲ ಎಂದರೆ ಮಾವ ಎರಡನೇ ಸಲ ಸಾಯುತ್ತಾನೆ, ಈ ಸಲ ತನ್ನ ಬಾಯಲ್ಲಿ. ಹಗ್ಗದ ವಿಷಯದಲ್ಲಿ ಅವನು ಎಂದೂ ಸುಳ್ಳು ಹೇಳಿದವನಲ್ಲ.

"ನನ್ನ ಮಾರಿ ನೋಡಿ ಹೇಳೋ."

ಅವನು ನೋಡಲಿಲ್ಲ. ಬಲಗೈಯ ಪಟ್ಟಿ ಬಿಚ್ಚಿಕೊಂಡಿತ್ತು. ಅದನ್ನು ಹಲ್ಲಿನಿಂದ ಕಚ್ಚಿ ಬಿಗಿದುಕೊಂಡ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿದ.

"ಯಮನೂರಾ! ಜಗ್ಗಿತ್ತೇನೋ?"

ಗಡಿಗೆಯೊಳಗಿನಿಂದ, ಕಂಬಳಿಯ ಅಡಿಯಿಂದ ಮಾವನ ದನಿಯೂ ಮಂದವಾಗಿ ಕೂಗುತ್ತಿತ್ತು: ಊಟಾ ಮಾಡಿ ಹೋಗೋ, ಊಟಾ ಮಾಡಿ ಹೋಗೋ. ಅವನು ಅಂಗಳ ದಾಟಿದ.

ಬೇವಿನ ಕಟ್ಟೆಯ ಮೇಲೆ ಊರ ಗಂಡಸರೆಲ್ಲ ಕೂತಿದ್ದರು. ಗಿಡ್ಡಪ್ಪಜ್ಜ ಇದ್ದ. ಅವತ್ತು ಭವನದಿಂದ ಇವನನ್ನು ಎತ್ತಿ ಹೊರಗೆ ಹಾಕಿದ ನಾಲ್ವರೂ ಇದ್ದರು. ಒಬ್ಬ ಬೀಡಿಯ ಹೊಗೆ ಬಿಡುತ್ತ, ಎಲ್ಲರಿಗೂ ಕೇಳುವಂತೆ ಅಂದ:

"ಹಗ್ಗಾ ಬಿಟ್ಟಾಂವ ಎತ್ಲಾಗ ಹೊಂಟ ನೋಡ್ರಲೇ."

ಯಮನೂರನ ಹೆಜ್ಜೆ ಒಮ್ಮೆ ತಡೆಯಿತು. ಹಿಂದೆ, ಮನೆಯ ಬಾಗಿಲಲ್ಲಿ ಅಕ್ಕ ಬಂದು ನಿಂತದ್ದು ಅವನಿಗೆ ನೋಡದೆಯೂ ಗೊತ್ತಾಯಿತು. ಕಟ್ಟೆಯ ಮೇಲಿನವರು ಅವನ ಬಾಯನ್ನೇ ನೋಡುತ್ತಿದ್ದರು, ಅವಳು ಅವನ ಬೆನ್ನನ್ನು.

ಅವನು ಯಾರಿಗೂ ಏನೂ ಅನ್ನದೆ ನಡೆದುಹೋದ.